ಲೋಹ್ರಿ: ಪಂಜಾಬಿನಲ್ಲಿ ನಿಮ್ಮ ಮೊದಲ ಚಳಿಗಾಲಕ್ಕೆ

ಜನವರಿ 13ರ ಸಂಜೆ ಕರೆಗಂಟೆ ಸದ್ದಾದರೆ ಬಾಗಿಲು ತೆರೆಯಿರಿ. ಓಣಿಯ ಮಕ್ಕಳು ಗುಂಪುಗಟ್ಟಿ ಹಾಡುತ್ತಾ ‘ಲೋಹ್ರಿ’ ಕೇಳುತ್ತಾರೆ. ಹಬ್ಬಕ್ಕೂ ಅದೇ ಹೆಸರು, ಅವರ ಕೈಗೆ ಕೊಡುವುದಕ್ಕೂ ಅದೇ ಹೆಸರು. ಒಂದೊಂದು ಹಿಡಿ ಕಡಲೆಕಾಯಿ, ಎಳ್ಳು ಮೆತ್ತಿದ ರೇವಡಿ, ನಮ್ಮ ಚಿಕ್ಕಿಯಂಥ ಗಚಕ್, ಜೊತೆಗೆ ಹತ್ತಿಪ್ಪತ್ತು ರೂಪಾಯಿ ಸಾಕು. ಬರಿಗೈಯಲ್ಲಿ ಮಾತ್ರ ಕಳಿಸಬೇಡಿ.

ಆ ಹಾಡಿನ ನಾಯಕ ದುಲ್ಲಾ ಭಟ್ಟಿ. ಅಕ್ಬರನ ಆಳ್ವಿಕೆಗೆ ಎದುರು ನಿಂತು 1599ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದವನು. ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ತಾನೇ ತಂದೆಯಾಗಿ ನಿಂತು ಮದುವೆ ಮಾಡಿಸಿದನಂತೆ; ಉಡಿಗೆ ಹಾಕಲು ಅವನ ಬಳಿ ಇದ್ದದ್ದು ಒಂದು ಸೇರು ಬೆಲ್ಲದ ಪುಡಿ ಮಾತ್ರವಂತೆ. ನಿಮ್ಮ ಮಕ್ಕಳಿಗೆ ಈ ಕಥೆಯನ್ನು ಮೊದಲೇ ಹೇಳಿಡಿ, ಹಾಡು ತಾನಾಗಿ ಬಾಯಿಗೆ ಬರುತ್ತದೆ.

ಕತ್ತಲಾಗುತ್ತಿದ್ದಂತೆ ಬೆಂಕಿ ಹೊತ್ತಿಸುತ್ತಾರೆ. ಮಹಡಿಯಿಂದ ನೋಡುತ್ತಾ ನಿಲ್ಲಬೇಡಿ, ಕೆಳಗಿಳಿದು ಹೋಗಿ. ಹಿರಿಯರು ಎಳ್ಳು, ಕಡಲೆಕಾಯಿ, ಮೆಕ್ಕೆಜೋಳದ ಅರಳನ್ನು ಬೆಂಕಿಗೆ ಅರ್ಪಿಸಿ ಸುತ್ತು ಬರುತ್ತಾರೆ. ಎಳ್ಳು ಚಟಚಟ ಸಿಡಿಯುವಾಗ ನೀವೂ ಒಂದು ಹಿಡಿ ಹಾಕಿ ಕೈಮುಗಿಯಿರಿ. ಮಂಡ್ಯ, ಮೈಸೂರು ಕಡೆಯವರಿಗೆ ಕಿಚ್ಚು ಹಾಯಿಸುವ ಸಂಜೆ ಕಣ್ಣಿಗೆ ಕಟ್ಟುತ್ತದೆ. ಜಾರುವ ಸೆರಗು, ದುಪಟ್ಟಾ ಬೇಡ. ಉಣ್ಣೆಯ ಸ್ವೆಟರ್ ಹಾಕಿಕೊಳ್ಳಿ.

ಹೊಸ ಮದುಮಗಳು ಅಥವಾ ಹಸುಗೂಸು ಇರುವ ಮನೆಯಲ್ಲಿ ಮೊದಲ ಲೋಹ್ರಿಯ ಸಡಗರವೇ ಬೇರೆ. ಕರೆ ಬಂದರೆ ತಪ್ಪಿಸಬೇಡಿ, ಕೂಸಿಗೊಂದು ಉಡುಗೊರೆ ಒಯ್ಯಿರಿ. ಹಿಂದೆ ಗಂಡುಮಗುವಿಗಷ್ಟೇ ಇದ್ದ ಈ ಸಂಭ್ರಮವನ್ನು ಈಗ ಅನೇಕರು ಹೆಣ್ಣುಮಗುವಿಗೂ ಮಾಡುತ್ತಾರೆ. ಅಂಥ ಮನೆಗೆ ನಾವು ಇಲ್ಲಿನ ಕನ್ನಡ ಸಂಘದವರು ಒಂದು ಹೆಜ್ಜೆ ಮುಂದಾಗಿಯೇ ಹೋಗುತ್ತೇವೆ.

ಊಟಕ್ಕೆ ಸಾಸಿವೆ ಸೊಪ್ಪಿನ ಸಾಗ್, ಮೆಕ್ಕೆಜೋಳದ ರೊಟ್ಟಿ. ಕಬ್ಬಿನ ಹಾಲಿನಲ್ಲಿ ಅಕ್ಕಿ ಬೇಯಿಸಿದ ಖೀರನ್ನು ಮಾತ್ರ ಅಂದು ಕೇಳಬೇಡಿ: ‘ಪೋಹ್ ರಿದ್ಧೀ, ಮಾಘ್ ಖಾಧೀ’ ಎನ್ನುತ್ತಾರೆ. ಪುಷ್ಯದಲ್ಲಿ ಬೇಯಿಸಿ ಮಾಘದಲ್ಲಿ ಉಣ್ಣುವುದು. ಅಂದರೆ ರಾತ್ರಿ ಮಾಡಿಟ್ಟು ಮರುದಿನ ಮಾಘೀ ಬೆಳಿಗ್ಗೆ ತಣ್ಣಗೆ ತಿನ್ನುವುದು.

ಆ ಹೊತ್ತಿಗೆ ಗಾಳಿಪಟದ ಕಾಟವೂ ಇರುತ್ತದೆ. ಸ್ಕೂಟರಿನಲ್ಲಿ ಹೋಗುವವರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳಿ. ನಿಷೇಧವಿದ್ದರೂ ನೈಲಾನ್ ದಾರ ಹಾರಾಡುತ್ತದೆ, ಚರ್ಮ ಸೀಳುತ್ತದೆ.

ಮಾಘೀ ಎಂದರೆ ನಮ್ಮ ಸಂಕ್ರಾಂತಿಯೇ. ಎಳ್ಳು ಬೀರಲು ಹೊರಟಾಗ ಬೆಂಕಿಯ ಸುತ್ತ ಜೊತೆಗಿದ್ದ ಮನೆಗಳಿಗೂ ಹೋಗಿ. ಎಳ್ಳು, ಬೆಲ್ಲ, ಕಡಲೆಕಾಯಿ ಅವರಿಗೆ ಹೊಸತಲ್ಲ. ಕೊಬ್ಬರಿ ಚೂರು, ಸಕ್ಕರೆ ಅಚ್ಚು ಹೊಸತು. ಅಚ್ಚು ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಊರಿನಿಂದ ಬರುವವರಿಗೆ ಡಿಸೆಂಬರ್‌ನಲ್ಲೇ ಹೇಳಿಡಿ.