ಡಿವಿಡಿಗೆ ವಿಡಿಯೊ ಪರಿವರ್ತಿಸುವಾಗ ಆಸ್ಪೆಕ್ಟ್ ರೇಶಿಯೊ ಮತ್ತು ಬಿಟ್‌ರೇಟ್: ನನ್ನ ಅನುಭವ

ವಿಡಿಯೊ ಫೈಲೊಂದನ್ನು ಡಿವಿಡಿಗೆ ಪರಿವರ್ತಿಸಲು ಕುಳಿತಾಗ ನಾನು ಮೊದಲು ಗಮನಿಸುವುದು ಎರಡೇ ಸಂಗತಿಗಳನ್ನು: ಚಿತ್ರದ ನಿಜವಾದ ಆಕಾರ (ಅಗಲ-ಎತ್ತರಗಳ ಅನುಪಾತ, ಅಂದರೆ ಆಸ್ಪೆಕ್ಟ್ ರೇಶಿಯೊ) ಮತ್ತು ಅದು ಓಡುವ ಅವಧಿ. ಮೂಲ ಫೈಲು ಎಷ್ಟು ದೊಡ್ಡದು, ಅದರ ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಬಳಕೆಯಾಗುವ ಬಿಟ್‌ಗಳ ಪ್ರಮಾಣ) ಎಷ್ಟು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಚ್.264 ಎಂಬ ಹೊಸ ಎನ್‌ಕೋಡಿಂಗ್ (ವಿಡಿಯೊವನ್ನು ಕುಗ್ಗಿಸಿ ದಾಖಲಿಸುವ) ವಿಧಾನದಲ್ಲಿ ಸೆಕೆಂಡಿಗೆ 2,000 ಕಿಲೋಬಿಟ್‌ಗಳಲ್ಲಿ ಅಚ್ಚುಕಟ್ಟಾಗಿ ಕಾಣುವ ದೃಶ್ಯವನ್ನು ಡಿವಿಡಿಗೆ ಬೇಕಾದ ಎಂಪೆಗ್-2ರಲ್ಲಿ ಅದೇ ದರಕ್ಕೆ ಇಳಿಸಿದರೆ, ಚಲನೆ ಹೆಚ್ಚಿರುವ ಕಡೆಗಳಲ್ಲೆಲ್ಲ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಹಳೆಯ ಎನ್‌ಕೋಡಿಂಗ್ ವಿಧಾನಕ್ಕೆ ಹೆಚ್ಚು ಬಿಟ್‌ಗಳು ಬೇಕು. ಅವು ಎಷ್ಟು ಸಿಗುತ್ತವೆ ಎಂಬುದನ್ನು ತೀರ್ಮಾನಿಸುವುದು ಡಿಸ್ಕಿನಲ್ಲಿರುವ ಜಾಗವೇ ಹೊರತು ಮೂಲ ಫೈಲಲ್ಲ.

ಆಕಾರದ ತೀರ್ಮಾನವನ್ನು ನಾನು ಬಿಟ್‌ರೇಟಿಗಿಂತ ಮೊದಲೇ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಕಳೆದುಕೊಂಡ ಗೆರೆಗಳನ್ನು (ಪಿಕ್ಸೆಲ್‌ಗಳ ಅಡ್ಡಸಾಲುಗಳನ್ನು) ಎಷ್ಟು ಬಿಟ್‌ರೇಟ್ ಕೊಟ್ಟರೂ ಮರಳಿ ಪಡೆಯಲಾಗದು. ಡಿವಿಡಿಯ ಪೂರ್ಣ ಫ್ರೇಮ್ ಭಾರತದಲ್ಲಿ ಬಳಕೆಗೆ ಬಂದ ಪಾಲ್ ಟಿವಿ ಪದ್ಧತಿಯಲ್ಲಿ 720×576 ಪಿಕ್ಸೆಲ್‌ಗಳು, ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿಯಲ್ಲಿ 720×480. ಮುಂದಿನ ಲೆಕ್ಕಗಳನ್ನೆಲ್ಲ ಪಾಲ್ ಫ್ರೇಮಿಗೆ ಹೇಳುತ್ತೇನೆ. 720ನ್ನು 576ರಿಂದ ಭಾಗಿಸಿದರೆ ಬರುವುದು 1.25, ಅದು 4:3 ಕೂಡ ಅಲ್ಲ, 16:9 ಕೂಡ ಅಲ್ಲ. ಅಂದರೆ ಇಲ್ಲಿನ ಪಿಕ್ಸೆಲ್‌ಗಳು ಚೌಕಾಕಾರದವಲ್ಲ. ಎರಡೂ ಆಕಾರಗಳಿಗೆ ಬಳಕೆಯಾಗುವುದು ಅಷ್ಟೇ ಪಿಕ್ಸೆಲ್‌ಗಳು. ಜೊತೆಗೆ ದಾಖಲಾದ ಆಕಾರದ ಗುರುತನ್ನು ಓದಿಕೊಂಡು ಪ್ಲೇಯರ್ ಅಥವಾ ಟಿವಿ ಅವುಗಳನ್ನು ಬೇಕಾದಷ್ಟು ಹಿಗ್ಗಿಸಿ ತೋರಿಸುತ್ತದೆ. ಹೀಗಾಗಿ ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಉದ್ದುದ್ದವಾಗಿ ಕಂಡಿತೆಂದು ಗಾಬರಿಪಡಬೇಕಾಗಿಲ್ಲ, ಅದನ್ನು ಸರಿಪಡಿಸುವ ಉತ್ಸಾಹದಲ್ಲಿ ಕಪ್ಪು ಪಟ್ಟಿಗಳನ್ನು ಸೇರಿಸಲೂಬಾರದು.

ಅಗಲ ಚಿತ್ರಗಳ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. 2.35:1 ಅನುಪಾತದ ಸಿನಿಮಾವನ್ನು 16:9 ಫ್ರೇಮಿನಲ್ಲಿ ಕೂರಿಸಿದರೆ ಚಿತ್ರಕ್ಕೆ ಸುಮಾರು 436 ಗೆರೆಗಳು ಸಿಗುತ್ತವೆ. ಅದನ್ನೇ 4:3 ಫ್ರೇಮಿನಲ್ಲಿ ಕೂರಿಸಿದರೆ ಉಳಿಯುವುದು ಸುಮಾರು 327 ಮಾತ್ರ, ಮಿಕ್ಕದ್ದೆಲ್ಲ ಕಪ್ಪು. ಇಷ್ಟು ಅಗಲದ ಚಿತ್ರಗಳಿಗೆ ನಾನು ಇನ್ನೂ ಒಂದು ಕೆಲಸ ಮಾಡುತ್ತೇನೆ. ಎಂಪೆಗ್-2 ಚಿತ್ರವನ್ನು 16×16 ಪಿಕ್ಸೆಲ್‌ಗಳ ತುಂಡುಗಳಾಗಿ ನೋಡುತ್ತದೆ. ಬರಿಯ ಕಪ್ಪು ತುಂಡಿಗೆ ಬಿಟ್‌ಗಳು ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ, ಆದರೆ ಕಪ್ಪು ಪಟ್ಟಿಯ ಅಂಚು ತುಂಡಿನ ನಡುವೆ ಹಾದುಹೋದರೆ ಆ ಗಡುಸಾದ ಗೆರೆಯನ್ನು ಉಳಿಸಿಕೊಳ್ಳಲು ಎನ್‌ಕೋಡರ್ ಸಾಲುಸಾಲಾಗಿ ಬಿಟ್‌ಗಳನ್ನು ವ್ಯಯಿಸುತ್ತದೆ. ಆದ್ದರಿಂದ ಎಡಬಲಗಳಲ್ಲಿ ಒಟ್ಟು ಶೇಕಡಾ 3ಕ್ಕಿಂತ ಕಡಿಮೆ ಭಾಗವನ್ನು ಕತ್ತರಿಸಿ, ಚಿತ್ರದ ಎತ್ತರವನ್ನು 448 ಗೆರೆಗಳಿಗೆ ಏರಿಸಿ, ಮೇಲೆ 64, ಕೆಳಗೆ 64 ಗೆರೆಗಳ ಪಟ್ಟಿ ಬಿಡುತ್ತೇನೆ. ಚಿತ್ರದ ಚೌಕಟ್ಟು ಕಿಂಚಿತ್ತೂ ಬದಲಾಗಬಾರದು ಎನ್ನುವವರಿಗೆ ಇದು ಒಪ್ಪಿಗೆಯಾಗದಿರಬಹುದು. ಬಿಟ್‌ರೇಟ್ ಬಿಗಿಯಾಗಿರುವಾಗ ನನಗಂತೂ ಈ ವಿನಿಮಯ ಲಾಭದಾಯಕವೆನಿಸಿದೆ.

ಹಳೆಯ 4:3 ದೃಶ್ಯಗಳನ್ನು ಹಾಗೆಯೇ 4:3 ಆಗಿ ಉಳಿಸುತ್ತೇನೆ. ಇಂದಿನ ಟಿವಿಗಳೆಲ್ಲ ಅಗಲವಾಗಿವೆ ಎಂಬ ಕಾರಣಕ್ಕೆ ಅವುಗಳನ್ನು 16:9 ಫ್ರೇಮಿನೊಳಗೆ ಇಟ್ಟರೆ 720 ಕಂಬಗಳ (ಪಿಕ್ಸೆಲ್‌ಗಳ ಲಂಬ ಸಾಲುಗಳ) ಪೈಕಿ 540 ಮಾತ್ರ ಚಿತ್ರಕ್ಕೆ ದಕ್ಕುತ್ತವೆ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊಗಳಿಗೂ ಇದೇ ತರ್ಕ ಅನ್ವಯಿಸುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು: 9:16 ಚಿತ್ರಕ್ಕೆ 16:9 ಫ್ರೇಮಿನಲ್ಲಿ ಸಿಗುವುದು ಸುಮಾರು 228 ಕಂಬಗಳು, 4:3 ಫ್ರೇಮಿನಲ್ಲಾದರೆ ಸುಮಾರು 304. ಎರಡೂ ಆಕಾರದ ದೃಶ್ಯಗಳು ಒಂದೇ ಡಿಸ್ಕಿನಲ್ಲಿ ಬೇಕಾದಾಗ ಅವುಗಳನ್ನು ಬೇರೆಬೇರೆ ಟೈಟಲ್‌ಸೆಟ್‌ಗಳಲ್ಲಿ (ಡಿವಿಡಿಯೊಳಗೆ ವಿಡಿಯೊಗಳನ್ನು ಜೋಡಿಸಿಡುವ ಗುಂಪುಗಳಲ್ಲಿ) ಇಡುತ್ತೇನೆ, ಏಕೆಂದರೆ ಒಂದು ಟೈಟಲ್‌ಸೆಟ್ಟಿನೊಳಗೆ ಆಕಾರ ಬದಲಾಗುವಂತಿಲ್ಲ.

ಬಿಟ್‌ರೇಟಿನ ಲೆಕ್ಕ ಸರಳವಾದ ಭಾಗಾಕಾರ. ಒಂದು ಪದರದ ಡಿಸ್ಕಿನ 4.7 ಜಿಬಿ ಎಂದರೆ 470 ಕೋಟಿ ಬೈಟ್‌ಗಳು; ಕಂಪ್ಯೂಟರ್ ಅದನ್ನೇ ಸುಮಾರು 4.37 ಎಂದು ತೋರಿಸುವುದುಂಟು, ಜಾಗ ಅಷ್ಟೇ. ಎಂಟರಿಂದ ಗುಣಿಸಿ ಎರಡು ಗಂಟೆಯ 7,200 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 5,220 ಕಿಲೋಬಿಟ್‌ಗಳು ಬರುತ್ತವೆ. ಅದರಲ್ಲಿ ಧ್ವನಿಗೆ 192, ಮೆನು ಮತ್ತು ಡಿಸ್ಕಿನ ಒಳರಚನೆಗಾಗಿ ಶೇಕಡಾ ನಾಲ್ಕರಷ್ಟು ಬಿಟ್ಟು, ಚಿತ್ರಕ್ಕೆ 4,800 ಇಡುತ್ತೇನೆ. ಧ್ವನಿಯನ್ನು ಕುಗ್ಗಿಸದೆ ಪಿಸಿಎಂ ಆಗಿಯೇ ಇಟ್ಟರೆ ಅದೊಂದೇ 1,536 ಕಿಲೋಬಿಟ್‌ಗಳನ್ನು ನುಂಗುತ್ತದೆ. ಸಂಗೀತ ಕಛೇರಿಯಂಥ ಧ್ವನಿಮುದ್ರಣವಲ್ಲದಿದ್ದರೆ ನಾನು ಕುಗ್ಗಿಸಿದ ಧ್ವನಿಯ ಮಾದರಿಯಾದ ಎಸಿ-3ರ ಆಚೆಗೆ ಹೋಗುವುದಿಲ್ಲ.

ಅವಧಿ ಒಂದೇ ಗಂಟೆಯಾದರೆ ಇದೇ ಭಾಗಾಕಾರ 10,000ವನ್ನೂ ದಾಟುತ್ತದೆ, ಆದರೆ ಡಿವಿಡಿಯಲ್ಲಿ ಚಿತ್ರದ ಮಿತಿ 9,800. ಮನೆಯಲ್ಲಿ ಬರೆದ ಡಿಸ್ಕುಗಳಲ್ಲಿ ಆ ಮಿತಿಯ ಹತ್ತಿರಕ್ಕೂ ನಾನು ಸುಳಿಯುವುದಿಲ್ಲ. ಬರೆದ ಡಿಸ್ಕನ್ನು ಓದುವಾಗ ಹಳೆಯ ಪ್ಲೇಯರುಗಳು ಅಂಥ ವೇಗದಲ್ಲಿ ತಡವರಿಸುತ್ತವೆ. ಗರಿಷ್ಠ 8,500, ಸರಾಸರಿ 7,500 ಇಟ್ಟುಕೊಂಡು, ಉಳಿದ ಜಾಗವನ್ನು ಖಾಲಿ ಬಿಡುತ್ತೇನೆ. ಒಂದೂವರೆ ಗಂಟೆಗಿಂತ ದೀರ್ಘವಾದುದಕ್ಕೆಲ್ಲ ಎರಡು ಸುತ್ತಿನ ಬದಲಾಗುವ ಬಿಟ್‌ರೇಟನ್ನೇ ಆರಿಸುತ್ತೇನೆ: ಮೊದಲ ಸುತ್ತಿನಲ್ಲಿ ಎನ್‌ಕೋಡರ್ ಯಾವ ದೃಶ್ಯ ಎಷ್ಟು ಕಠಿಣವೆಂದು ಅಳೆಯುತ್ತದೆ, ಎರಡನೆಯದರಲ್ಲಿ ಮಾತಿನ ದೃಶ್ಯಗಳಿಂದ ಉಳಿಸಿದ ಬಿಟ್‌ಗಳನ್ನು ಮಳೆ, ಹೊಗೆ, ಜನಜಂಗುಳಿಯ ದೃಶ್ಯಗಳಿಗೆ ಹಂಚುತ್ತದೆ.

ವಿಎಚ್‌ಎಸ್ ಟೇಪುಗಳದ್ದು ಬೇರೆಯೇ ಕಥೆ. ಅವುಗಳ ಅಡ್ಡ ಸ್ಪಷ್ಟತೆ ಸುಮಾರು 240 ಗೆರೆಗಳಷ್ಟೇ (ಇಲ್ಲಿ ಗೆರೆಯೆಂದರೆ ಅಡ್ಡಸಾಲಲ್ಲ, ಅಗಲದಲ್ಲಿ ಬೇರೆಬೇರೆಯಾಗಿ ಕಾಣಬಲ್ಲ ಲಂಬ ಗೆರೆ) ಇರುವುದರಿಂದ ದೀರ್ಘ ಟೇಪಿಗೆ ನಾನು ಡಿವಿಡಿಯೇ ಅನುಮತಿಸುವ 352×576 ಫ್ರೇಮನ್ನು ಬಳಸುತ್ತೇನೆ; ಇದು 4:3ಕ್ಕೆ ಮಾತ್ರ ಸಲ್ಲುತ್ತದೆ. ಮೂರು ಗಂಟೆಗೆ ದೊರೆಯುವ ಸುಮಾರು 3,100 ಕಿಲೋಬಿಟ್‌ಗಳು ಪೂರ್ಣ ಫ್ರೇಮಿಗೆ ಸಾಲದಿದ್ದರೂ ಇದಕ್ಕೆ ಧಾರಾಳವಾಗುತ್ತವೆ. ಟೇಪಿನ ಕಾಳುಕಾಳಾದ ಗದ್ದಲವನ್ನು ಎನ್‌ಕೋಡರ್ ವಿವರವೆಂದೇ ಭಾವಿಸುತ್ತದೆ, ಹಾಗಾಗಿ ಅದನ್ನು ಮೊದಲೇ ಹಗುರವಾಗಿ ಶೋಧಿಸಿ, ಫ್ರೇಮಿನ ಬುಡದಲ್ಲಿ ಹರಿದಂತೆ ಕಾಣುವ ಕೆಲವು ಗೆರೆಗಳನ್ನು ಕಪ್ಪಿನಿಂದ ಮುಚ್ಚುತ್ತೇನೆ. ಇಂಟರ್‌ಲೇಸ್ ಆಗಿರುವ, ಅಂದರೆ ಪ್ರತಿ ಫ್ರೇಮಿನ ಬೆಸ ಮತ್ತು ಸಮ ಗೆರೆಗಳು ಎರಡು ಫೀಲ್ಡುಗಳಾಗಿ ಒಂದಾದ ಮೇಲೊಂದು ಬರುವ ದೃಶ್ಯವನ್ನು ಹಾಗೆಯೇ ಬಿಟ್ಟು, ಆ ಫೀಲ್ಡುಗಳ ಕ್ರಮವನ್ನು ಮಾತ್ರ ಕಾಯ್ದುಕೊಳ್ಳುತ್ತೇನೆ.

ಕೊನೆಯ ಡಿಸ್ಕನ್ನು ಬರೆಯುವ ಮುನ್ನ ಮರುಬರೆಯಬಹುದಾದ ಡಿಸ್ಕಿನಲ್ಲಿ ಹಾಕಿ, ಟಿವಿಯಲ್ಲಿ ಎರಡು ಕಡೆ ನೋಡುತ್ತೇನೆ: ಒಂದು ಕತ್ತಲ ದೃಶ್ಯ, ಇನ್ನೊಂದು ಗಡಿಯಾರವೋ ಗಾಲಿಯೋ ಇರುವ ದೃಶ್ಯ. ದುಂಡಗಿರಬೇಕಾದದ್ದು ಮೊಟ್ಟೆಯಾಕಾರವಾಗಿ ಕಂಡರೆ ಮೊದಲು ಪ್ಲೇಯರಿನ ಸೆಟಪ್‌ನಲ್ಲಿ ಟಿವಿಯ ಬಗೆ 4:3 ಎಂದಿದೆಯೋ 16:9 ಎಂದಿದೆಯೋ ಪರೀಕ್ಷಿಸುತ್ತೇನೆ. ಅದು ಸರಿಯಿದ್ದು, ಚಿತ್ರವನ್ನು ಸರಿಯಾದ ಅಳತೆಗೇ ಕೂರಿಸಿದ್ದರೆ, ದೋಷ ಇರುವುದು ಆಕಾರದ ಗುರುತಿನಲ್ಲಿ ಮಾತ್ರ. ಆ ಗುರುತು ವಿಡಿಯೊದ ಹೆಡರಿನಲ್ಲೂ (ವಿಡಿಯೊದ ವಿವರಗಳಿರುವ ಆರಂಭದ ಭಾಗ) ಡಿಸ್ಕಿನ ಐಎಫ್‌ಒ ಫೈಲುಗಳಲ್ಲೂ (ಪ್ಲೇಯರಿಗೆ ಡಿಸ್ಕಿನ ವಿವರ ತಿಳಿಸುವ ಫೈಲುಗಳು) ಇರುತ್ತದೆ. ಎರಡು ಕಡೆಯೂ ಅದನ್ನು ತಿದ್ದಿದರೆ ಸಾಕು, ಮತ್ತೆ ಗಂಟೆಗಟ್ಟಲೆ ಎನ್‌ಕೋಡ್ ಮಾಡಬೇಕಾಗಿಲ್ಲ.