ಕಂಡಷ್ಟು ಓದಿ ಅಂದ ಮೇಷ್ಟ್ರು

ನಮ್ಮ ಮೇಷ್ಟ್ರು ತೀರಿಕೊಂಡ ಮೇಲೆ ಅವರ ನೆನಪಿಗೆ ಏನಾದರೂ ಮಾಡಬೇಕು ಅಂತ ಹಳೇ ವಿದ್ಯಾರ್ಥಿಗಳೆಲ್ಲ ಹಾಸನದಲ್ಲಿ ಸೇರಿದ್ದೆವು. ಒಬ್ಬರು ದತ್ತಿ ಬಹುಮಾನ ಅಂದರು, ಒಬ್ಬರು ಸಂಸ್ಮರಣ ಗ್ರಂಥ ಅಂದರು. ಎರಡೂ ಆದವು, ಚೆನ್ನಾಗಿಯೇ ಆದವು. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಮೇಷ್ಟ್ರಿಂದ ನನಗೆ ಬಂದ ದೊಡ್ಡ ಆಸ್ತಿ ಅಂದರೆ ಕಲ್ಲಿನ ಮೇಲಿನ ಅಕ್ಷರ ಓದುವ ವಿದ್ಯೆ. ಅದನ್ನು ನಮ್ಮ ಶಾಲೆಯ ಮಕ್ಕಳಿಗೆ ಕಲಿಸಲು ಹೊರಟೆ. ಹೇಗೆ ಮಾಡಿದೆ, ಏನು ಕೆಲಸಕ್ಕೆ ಬಂತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಷ್ಟ್ರು ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರ್. ಹೊಯ್ಸಳರ ಪಾಠ ಬಂದಾಗ ಪುಸ್ತಕ ಮುಚ್ಚಿ, "ಭಾನುವಾರ ಬೆಳಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿಗೆ ಬನ್ನಿ" ಅನ್ನುತ್ತಿದ್ದರು. ಬಸ್ ಚಾರ್ಜಿಗೆ ಕಾಸಿಲ್ಲದವರ ಟಿಕೆಟ್ ಅವರೇ ತಗೋತಿದ್ದರು. ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಬೇಲೂರಿಗಲ್ಲ, ದೊಡ್ಡಗದ್ದವಳ್ಳಿಗೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಅದಕ್ಕಿಂತ ಸ್ವಲ್ಪ ಮುಂಚಿನದು. ಅದನ್ನು ಕಟ್ಟಿಸಿದ್ದು ರಾಜನೂ ಅಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಹಳ್ಳಿಯಿಂದ ಬಂದ ನಮಗೆ ಚರಿತ್ರೆ ಅಂದರೆ ಬರೀ ರಾಜರದ್ದು ಅಂತ ಇತ್ತು. ಗಂಡ ಹೆಂಡತಿ ಸೇರಿ ಕಟ್ಟಿಸಿದ ಗುಡಿ ಅಂದಾಗ ಹುಡುಗಿಯರೆಲ್ಲ ಹತ್ತಿರ ಬಂದು ನಿಂತೆವು. ಮೇಷ್ಟ್ರು ಬೇಕಂತಲೇ ಅಲ್ಲಿಂದ ಶುರು ಮಾಡುತ್ತಿದ್ದರು ಅಂತ ಈಗ ಅನ್ನಿಸುತ್ತದೆ.

ಅವರ ಬಟ್ಟೆ ಚೀಲದಲ್ಲಿ ಯಾವಾಗಲೂ ಮುಖ ನೋಡಿಕೊಳ್ಳುವ ಒಂದು ಸಣ್ಣ ಕನ್ನಡಿ ಇರುತ್ತಿತ್ತು. ಶಾಸನದ ಮೇಲೆ ಬೆಳಕು ನೇರ ಬಿದ್ದರೆ ಅಕ್ಷರ ಕಾಣುವುದಿಲ್ಲ. ಕಲ್ಲು ಬರೀ ಸವೆದ ಹಾಗೆ ಕಾಣುತ್ತದೆ. ಒಬ್ಬರು ಬಿಸಿಲಲ್ಲಿ ಪಕ್ಕಕ್ಕೆ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮೇಲೆ ಓರೆಯಾಗಿ ಹಾಯಿಸಬೇಕು. ಆಗ ಕೊರೆದ ಗೆರೆಯ ಒಂದು ಅಂಚಿಗೆ ನೆರಳು ಕೂರುತ್ತದೆ, ಅಕ್ಷರ ಎದ್ದು ಬರುತ್ತದೆ. "ಸ್ವಸ್ತಿ" ಅನ್ನುವ ಪದ ಹಾಗೆ ಕಣ್ಣೆದುರೇ ಮೂಡಿದ್ದನ್ನು ನೋಡಿ ನಾನು ಕೂಗಿಕೊಂಡಿದ್ದೆ. ಕನ್ನಡಿ ಹಿಡಿಯುವ ಕೆಲಸಕ್ಕೆ ಈಗ ನಮ್ಮ ಮಕ್ಕಳು ಜಗಳ ಆಡುತ್ತಾರೆ. ಸರದಿ ಹಾಕಿದ್ದೇನೆ.

ಮಕ್ಕಳನ್ನು ಕರೆದೊಯ್ಯುವುದು ಸುಗ್ಗಿ ಮುಗಿದ ಮೇಲೆ. ಮಳೆಗಾಲದಲ್ಲಿ ಹೊಲದ ಕಲ್ಲುಗಳು ರಾಗಿ ಪೈರಿನಲ್ಲಿ ಮುಳುಗಿರುತ್ತವೆ. ಪೊದೆಯಲ್ಲಿ ಹಾವಿನ ಭಯ ಬೇರೆ. ಮೊದಲು ಊರಿನ ಬದಿಯ ವೀರಗಲ್ಲು, ಆಮೇಲೆ ಗುಡಿ. ವೀರಗಲ್ಲಿನಲ್ಲಿ ಚಿತ್ರ ಇರುವುದರಿಂದ ಮಕ್ಕಳಿಗೆ ಧೈರ್ಯ ಬರುತ್ತದೆ. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಕೆಳಗಿನಿಂದ ಮೇಲಕ್ಕೆ ನೋಡಿ ಅಂದರೆ ಸಾಕು, ಕಥೆ ಅವರೇ ಹೇಳುತ್ತಾರೆ.

ಓದಿಸುವ ಕ್ರಮ ಪೂರ್ತಿ ಮೇಷ್ಟ್ರದ್ದೇ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೊದಲು ಓದುವಂತಿಲ್ಲ, ಕಂಡ ಆಕಾರವನ್ನು ಹಾಗೇ ಬರೆದುಕೊಳ್ಳಬೇಕು. ಕಾಣದಿದ್ದ ಕಡೆ ಚುಕ್ಕೆ ಇಡಬೇಕು. "ಕಂಡಷ್ಟು ಓದಿ. ಕಾಣದ್ದನ್ನು ಸೇರಿಸಬೇಡಿ" ಅನ್ನುತ್ತಿದ್ದರು. ಅದೇ ಸಾಲನ್ನು ಇನ್ನೊಬ್ಬರು ಬರೆದಿರುತ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕಷ್ಟ ಇರುವುದು ಇಲ್ಲೇ. ಹಳೆಯ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಎ ಮತ್ತು ಏ, ಒ ಮತ್ತು ಓ ಬೇರೆ ಅಂತ ತೋರಿಸುವುದಿಲ್ಲ. ಪ, ವ, ಮ ಒಂದಕ್ಕೊಂದು ಗೊಂದಲ ಆಗುತ್ತವೆ. ಒಬ್ಬಳು ಮ ಅಂತಾಳೆ, ಇನ್ನೊಬ್ಬ ವ ಅಂತಾನೆ. ಮತ್ತೆ ಕನ್ನಡಿ ಹಿಡಿ, ಮತ್ತೆ ನೋಡು. ನಾನು ಬಾಯಿ ಬಿಡುವುದಿಲ್ಲ. ಹಾಗೆ ಸುಮ್ಮನಿರುವುದೇ ಜಾಸ್ತಿ ಕಷ್ಟ. ಮೇಷ್ಟ್ರು ಅರ್ಧ ಗಂಟೆ ಸುಮ್ನೆ ನಿಂತಿರುತ್ತಿದ್ದರು.

ಕೆಲವು ಗುರುತು ಮಾತ್ರ ಮೊದಲೇ ಹೇಳಿಕೊಡುತ್ತೇನೆ. "ನಮಸ್ತುಂಗ" ಅಂತ ಶುರುವಾದರೆ ಶಿವನ ಸ್ತುತಿ. "ಶ್ರೀಮತ್ಪರಮಗಂಭೀರ" ಅಂತಿದ್ದರೆ ಜೈನ ಶಾಸನ. ತಲೆಯಲ್ಲಿ ಸೂರ್ಯ ಚಂದ್ರ ಇದ್ದರೆ ಅವರಿರುವ ತನಕ ಈ ದಾನ ನಡೆಯಲಿ ಅಂತ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಬೇಲೂರಿನ ಪ್ರತಿಷ್ಠೆ ಶಕ 1039, ಹೇವಿಳಂಬಿ ಸಂವತ್ಸರ. ಅದೇ ಹೇವಿಳಂಬಿ 2017ರ ಯುಗಾದಿಗೂ ಬಂದಿತ್ತು. ಅರವತ್ತು ವರ್ಷದ ಚಕ್ರ ಸರಿಯಾಗಿ ಹದಿನೈದು ಸುತ್ತು. ಮನೆಯ ಪಂಚಾಂಗಕ್ಕೂ ಕಲ್ಲಿಗೂ ಇರುವ ಈ ನಂಟು ಮಕ್ಕಳಿಗೆ ಬಲು ಇಷ್ಟ. ಕೊನೆಯ ಶಾಪವೂ ಅಷ್ಟೇ ಇಷ್ಟ. ದಾನದ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ!

ಪುಸ್ತಕ ತೆಗೆಯುವುದು ಕೊನೆಗೆ. ಶಾಸನಗಳನ್ನೆಲ್ಲ ಅಚ್ಚು ಹಾಕಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಐದನೇ ಸಂಪುಟ ಹಾಸನ ಜಿಲ್ಲೆಯದು, ಆರನೆಯದು ಕಡೂರಿನದು, ಅಂದರೆ ಈಗಿನ ಚಿಕ್ಕಮಗಳೂರು. ತಾಲ್ಲೂಕುವಾರು ನಂಬರ್ ಇರುವುದರಿಂದ ಹುಡುಕುವುದು ಸುಲಭ. ತಾವು ಬರೆದ ಸಾಲು ಅಚ್ಚಿನಲ್ಲಿ ಹಾಗೇ ಸಿಕ್ಕಿದಾಗ ಆ ಮುಖಗಳನ್ನು ನೋಡಬೇಕು.

ಒಂದು ಎಚ್ಚರ. ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಬಾರದು, ಹಾವಸೆಯನ್ನು ಚಾಕುವಿನಿಂದ ಕೆರೆಯಬಾರದು. ಸಂರಕ್ಷಿತ ಗುಡಿಯಲ್ಲಿ ಮುಟ್ಟುವುದೇ ಬೇಡ, ಕನ್ನಡಿ ಸಾಕು. ಹೊಲದಲ್ಲಾದರೆ ಯಜಮಾನರನ್ನು ಕೇಳಿಯೇ ಹೋಗಬೇಕು.

ಹೊಲದ ಮಾತು ಬಂದಾಗ ನನ್ನ ಗೆಳತಿಯದ್ದು ಹೇಳದಿದ್ದರೆ ಆಗುವುದಿಲ್ಲ. ಎರಡನೇ ವರ್ಷದ ಬಿ.ಎ. ಮುಗಿಯುವಷ್ಟರಲ್ಲಿ ಅವಳಿಗೆ ಗಂಡು ಗೊತ್ತಾಗಿತ್ತು. ಕಾಲೇಜು ಬಿಡಿಸುತ್ತಾರೆ ಅಂತ ಸುದ್ದಿ. ಮೇಷ್ಟ್ರು ನಮ್ಮಿಬ್ಬರ ಜೊತೆ ಅವಳ ಊರಿಗೆ ಬಂದರು. ಜಗಲಿ ಮೇಲೆ ಕೂತು ಕಾಫಿ ಕುಡಿದರು. ಮದುವೆಯ ಸುದ್ದಿಯನ್ನೇ ಎತ್ತಲಿಲ್ಲ. "ನಿಮ್ಮ ಹೊಲದಲ್ಲಿ ಒಂದು ಕಲ್ಲಿದೆಯಂತಲ್ಲ ಗೌಡ್ರೆ, ನೋಡೋಣ್ವಾ?" ಅಂದರು. ಆಲೂಗಡ್ಡೆ ಹೊಲದ ಬದುವಿನಲ್ಲಿ ವೀರಗಲ್ಲು. ಅದರ ಒಂದು ಮೂಲೆ ನುಣ್ಣಗೆ ಸವೆದಿತ್ತು. "ನಮ್ ತಾತನ ಕಾಲದಿಂದ ಇದರ ಮೇಲೆ ಕುಡುಗೋಲು ಮಸೀತಿದೀವಿ ಮೇಷ್ಟ್ರೆ, ಏನೈತೆ ಇದರಾಗೆ?" ಅಂದರು ಅಪ್ಪ. ಮೇಷ್ಟ್ರು ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ಅವಳಿಗೆ "ಓದಮ್ಮ" ಅಂದರು. ಅವಳು ತಡವರಿಸುತ್ತಾ ಓದಿದಳು. ಊರ ದನ ಹಿಡಿದುಕೊಂಡು ಹೋದವರ ಜೊತೆ ಹೋರಾಡಿ ಸತ್ತವನ ಕಲ್ಲು ಅದು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕಲ್ಲಿನ ಧೂಳು ಒರೆಸಿದರು. ಆಮೇಲೆ ಮಗಳಿಗೆ, "ಇನ್ನೊಂದು ಸಲ ಓದು" ಅಂದರು. ಮದುವೆ ಪರೀಕ್ಷೆ ಮುಗಿಯುವ ತನಕ ಮುಂದೆ ಹೋಯಿತು. ಅವಳು ಈಗ ಅರಸೀಕೆರೆ ಕಡೆ ಟೀಚರ್.

ನಾವೆಲ್ಲ ಶಾಸನ ತಜ್ಞರಾಗಲಿಲ್ಲ. ಒಬ್ಬ ಕಂಡಕ್ಟರ್ ಆದ, ಒಬ್ಬ ಕಾಫಿ ತೋಟದಲ್ಲಿ ರೈಟರ್. ಆದರೆ ಯಾರೂ ಗಾಳಿ ಸುದ್ದಿಯನ್ನು ಹಾಗೇ ನಂಬುವುದಿಲ್ಲ. ಕಂಡಿದ್ದೆಷ್ಟು, ಸೇರಿಸಿದ್ದೆಷ್ಟು ಅಂತ ಕೇಳುತ್ತಾರೆ. ಇದು ಮೇಷ್ಟ್ರು ನಮಗೆ ಹಚ್ಚಿದ ಅಭ್ಯಾಸ, ಅಲ್ವಾ?

ಈ ಸಲ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗುತ್ತಿದ್ದೇವೆ. ಅಲ್ಲಿ ಅಮೃತೇಶ್ವರನ ಗುಡಿಯ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಪದ್ಯ ಆದ್ದರಿಂದ ಮಕ್ಕಳಿಗೆ ಮೊದಲೇ ಸ್ವಲ್ಪ ಛಂದಸ್ಸು ಹೇಳಿಕೊಡುತ್ತಿದ್ದೇನೆ. ಪ್ರಾಸ ಹಿಡಿದರೆ ಸವೆದ ಅಕ್ಷರದ ಸುಳಿವು ಸಿಗುತ್ತದೆ. ಗೆಳತಿಯೂ ಅರಸೀಕೆರೆಯಲ್ಲಿ ತನ್ನ ಶಾಲೆಯ ಮಕ್ಕಳ ಜೊತೆ ನಮ್ಮ ಬಸ್ಸು ಹತ್ತುತ್ತಾಳೆ. ಇನ್ನೂ ನಾಲ್ಕು ಕನ್ನಡಿ ತರೋದಕ್ಕೆ ಹೇಳಿದ್ದೇನೆ.