ರಕ್ತ ಬರುವ ಕಡೆಯೇ ಬ್ರಷ್ ಮಾಡಿ: ಡೆಂಟಲ್ ಹೈಜೀನಿಸ್ಟ್ ಆಗಿ ನನ್ನ ಅನುಭವ

"ಕ್ಲೀನ್ ಮಾಡಿಸಿದ್ರೆ ಹಲ್ಲು ಅಲುಗಾಡುತ್ತಂತೆ, ಹೌದಾ ಮೇಡಂ?" ನಮ್ಮಲ್ಲಿಗೆ ಬರುವವರಲ್ಲಿ ಬಹಳ ಜನ ಮೊದಲು ಕೇಳುವುದೇ ಇದನ್ನು. ಇದಕ್ಕೆ ಸರಿಯಾಗಿ ಉತ್ತರ ಕೊಡುವುದು ನನ್ನ ಕೆಲಸದ ಅರ್ಧ ಭಾಗ.

ನಾನು ತುಮಕೂರಿನ ಒಂದು ದಂತ ಕ್ಲಿನಿಕ್‌ನಲ್ಲಿ ಡೆಂಟಲ್ ಹೈಜೀನಿಸ್ಟ್. ಹೀಗೊಂದು ಕೆಲಸ ಇದೆ ಅಂತಲೇ ಅನೇಕರಿಗೆ ಗೊತ್ತಿಲ್ಲ. ಕೆಲವರು ನರ್ಸ್ ಅಂದುಕೊಳ್ಳುತ್ತಾರೆ, ಕೆಲವರು ಡಾಕ್ಟ್ರಮ್ಮ ಅನ್ನುತ್ತಾರೆ. 1948ರ ದಂತವೈದ್ಯರ ಕಾಯ್ದೆಯಲ್ಲೇ ನಮ್ಮ ವೃತ್ತಿಯ ಹೆಸರಿದೆ. ಪಿಯುಸಿ ಸೈನ್ಸ್ ಆದ ಮೇಲೆ ಎರಡು ವರ್ಷದ ಡಿಪ್ಲೊಮಾ, ಆಮೇಲೆ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ. ಹಲ್ಲು ಕೀಳುವುದು, ರೂಟ್ ಕೆನಾಲ್ ಮಾಡುವುದು ನಮ್ಮದಲ್ಲ. ಸ್ಕೇಲಿಂಗ್ (ಹಲ್ಲಿಗೆ ಗಟ್ಟಿಯಾಗಿ ಕಟ್ಟಿದ ಕಿಟ್ಟ ತೆಗೆಯುವುದು), ಪಾಲಿಶಿಂಗ್, ಮಕ್ಕಳ ಹಲ್ಲಿಗೆ ಫ್ಲೋರೈಡ್ ಹಚ್ಚುವುದು, ಬ್ರಷ್ ಮಾಡುವುದನ್ನು ಕಲಿಸುವುದು ನಮ್ಮ ಕೆಲಸ. ಅದೂ ಡಾಕ್ಟರ ಮೇಲ್ವಿಚಾರಣೆಯಲ್ಲಿ.

ಬಾಯಿ ತೆರೆಸುವ ಮೊದಲು ಮಾತಾಡಿಸುತ್ತೇನೆ. "ಶುಗರ್ ಇದೆಯಾ?" ಅಂತ ಕೇಳಿದರೆ "ಇಲ್ಲ, ಕಂಟ್ರೋಲ್‌ನಲ್ಲಿದೆ" ಅನ್ನುವವರು ಬಹಳ. ಅದಕ್ಕೇ "ದಿನಾ ಯಾವ ಮಾತ್ರೆ ತಗೋತೀರಿ, ಚೀಟಿ ತೋರಿಸಿ" ಅಂತಲೇ ಕೇಳುತ್ತೇನೆ. ರಕ್ತ ತೆಳುವಾಗುವ ಮಾತ್ರೆ, ಹೃದಯದ ಕವಾಟದ ಆಪರೇಷನ್, ಪೇಸ್‌ಮೇಕರ್, ಇದರಲ್ಲಿ ಯಾವುದಿದ್ದರೂ ಮೊದಲು ಡಾಕ್ಟರಿಗೆ ಹೇಳಬೇಕು. ಅವರು ನೋಡಿ ಹೂಂ ಅಂದ ಮೇಲೇ ನಾನು ಉಪಕರಣ ಹಿಡಿಯುವುದು.

ಆಮೇಲೆ ಪ್ರೋಬ್. ತೆಳ್ಳಗಿನ ಕಡ್ಡಿ, ತುದಿಯಲ್ಲಿ ಮಿಲಿಮೀಟರ್ ಗುರುತು. ಹಲ್ಲಿಗೂ ವಸಡಿಗೂ ನಡುವಿನ ಸಂದಿನಲ್ಲಿ ಮೆಲ್ಲಗೆ ಇಳಿಸಿ ಆಳ ನೋಡುತ್ತೇನೆ. 3 ಮಿಲಿಮೀಟರ್‌ವರೆಗೆ ಚಿಂತೆಯಿಲ್ಲ. 5, 6 ಅಂತ ಬಂದರೆ ಒಳಗೆ ವಸಡು ಬಿಟ್ಟುಕೊಂಡು, ಮೂಳೆ ಕರಗುತ್ತಿರಬಹುದು ಅಂತ ಅನುಮಾನ, ಎಕ್ಸ್‌ರೇ ಬೇಕು. ನಂಬರ್‌ಗಳನ್ನು ಜೋರಾಗಿ ಹೇಳಿ ಸಹಾಯಕಿಯ ಕೈಲಿ ಬರೆಸುತ್ತೇನೆ. ಎರಡು, ಎರಡು, ಮೂರು, ಆರು. ಆರು ಅಂದ ಕೂಡಲೇ ಕೂತವರು ಕಣ್ಣು ಬಿಟ್ಟು ನೋಡುತ್ತಾರೆ. ಆಗ ಕೈಗೆ ಕನ್ನಡಿ ಕೊಟ್ಟು ಅವರ ಬಾಯನ್ನು ಅವರಿಗೇ ತೋರಿಸುತ್ತೇನೆ.

ಕೆಳಗಿನ ಮುಂದಿನ ಹಲ್ಲುಗಳ ಒಳಭಾಗದಲ್ಲಿ ಕಿಟ್ಟ ಜಾಸ್ತಿ ಕಟ್ಟಿರುತ್ತದೆ. ನಾಲಿಗೆ ಕೆಳಗೆ ಜೊಲ್ಲು ಬರುವ ನಾಳ ಅಲ್ಲೇ ತೆರೆದುಕೊಳ್ಳುತ್ತದೆ, ಜೊಲ್ಲಿನಲ್ಲಿರುವ ಖನಿಜಾಂಶ ಹಲ್ಲಿಗೆ ಅಂಟಿದ ಮೆತ್ತನೆ ಪಾಚಿಯಲ್ಲಿ ಕೂತು, ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ಮೇಲಿನ ದವಡೆ ಹಲ್ಲಿನ ಕೆನ್ನೆ ಕಡೆ ಕಿಟ್ಟ ಕಟ್ಟುವುದಕ್ಕೂ ಇದೇ ಕಾರಣ, ಅಲ್ಲೂ ಜೊಲ್ಲಿನ ನಾಳ ತೆರೆದುಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಯಾವ ಬ್ರಷ್ಷಿಗೂ ಅದು ಬರುವುದಿಲ್ಲ.

ಅಲ್ಟ್ರಾಸಾನಿಕ್ ಸ್ಕೇಲರ್ (ತುದಿ ಕಂಪಿಸಿ ಕಿಟ್ಟ ಬಿಡಿಸುವ ಯಂತ್ರ) ಹಿಡಿಯುವವರಿಗೆ ನಾನು ಹೇಳುವುದು ಇಷ್ಟೇ: ತುದಿಯನ್ನು ಚುಚ್ಚಬೇಡಿ, ಪಕ್ಕವನ್ನು ತಾಗಿಸಿ, ಒತ್ತಬೇಡಿ, ಒಂದೇ ಕಡೆ ನಿಲ್ಲಿಸಬೇಡಿ. ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಊರಿರಲಿ, ರೋಗಿ ಸ್ವಲ್ಪ ಅಲ್ಲಾಡಿದರೂ ಕೈ ಜಾರುವುದಿಲ್ಲ. ವಸಡಿನ ಒಳಗಿನ ಕಿಟ್ಟಕ್ಕೆ ಕ್ಯುರೆಟ್ ಬೇಕು, ಅಂದರೆ ಕೈಯಲ್ಲೇ ಕೆರೆದು ತೆಗೆಯುವ ಹರಿತ ಉಪಕರಣ, ಅಲ್ಲಿ ಕಣ್ಣು ಕೆಲಸಕ್ಕೆ ಬರಲ್ಲ, ಬೆರಳಿಗೆ ತಿಳಿಯಬೇಕು: ಕಿಟ್ಟ ಇದ್ದರೆ ತರಿತರಿ, ಹೋದ ಮೇಲೆ ನುಣುಪು. ಆದರೆ ಕ್ಯುರೆಟ್ ಮೊಂಡಾಗಿದ್ದರೆ ಕಿಟ್ಟ ಕಿತ್ತು ಬರದೆ ಮೇಲ್ಮೈ ಮಾತ್ರ ನುಣುಪಾಗಿ ಕೈಗೆ ಮೋಸವಾಗುತ್ತದೆ. ಅದಕ್ಕೇ ಕಲ್ಲಿನ ಮೇಲೆ ಮಸೆದು, ಪ್ಲಾಸ್ಟಿಕ್ ಕಡ್ಡಿಯ ಮೇಲೆ ಇಟ್ಟು ನೋಡುತ್ತೇನೆ. ಕಚ್ಚಿ ಹಿಡಿದರೆ ಹರಿತ ಇದೆ, ಜಾರಿದರೆ ಇಲ್ಲ.

ಈಗ ಕ್ಲೀನ್ ಮಾಡಿಸಿದ್ರೆ ಹಲ್ಲು ಅಲುಗಾಡುತ್ತಾ ಅನ್ನುವ ಆ ಪ್ರಶ್ನೆ. ಕ್ಲೀನ್ ಮಾಡಿದ ಮೇಲೆ ನಾಲಿಗೆಗೆ ಸಂದು ಸಿಗುತ್ತದೆ, ನಿಜ. ಅಲ್ಲಿಯವರೆಗೆ ಆ ಜಾಗದಲ್ಲಿ ಕಿಟ್ಟ ತುಂಬಿತ್ತು. ಊದಿದ್ದ ವಸಡು ಇಳಿದ ಮೇಲೆ ಸಂದು ಇನ್ನೂ ಸ್ವಲ್ಪ ಕಾಣುತ್ತದೆ. ಕೆಲವು ದಿನ ತಣ್ಣೀರಿಗೆ ಜುಂ ಅನ್ನುತ್ತದೆ, ಕಡಿಮೆಯಾಗುತ್ತದೆ. ಹಲ್ಲು ಅಲುಗಾಡಿದ್ದು ಮೂಳೆ ಕರಗಿದ್ದರಿಂದ, ಕಿಟ್ಟ ಹಲ್ಲಿಗೆ ಕಟ್ಟು ಕಟ್ಟಿದ ಹಾಗೆ ನಿಂತಿತ್ತು ಅಷ್ಟೇ. ಇದನ್ನೆಲ್ಲ ಶುರು ಮಾಡುವ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಪಾವಗಡ ಕಡೆಯಿಂದ ಬರುವವರ ವಿಷಯ ಬೇರೆ. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿಕ್ಕಂದಿನಲ್ಲಿ ಹಲ್ಲು ಒಳಗೆ ರೂಪುಗೊಳ್ಳುವಾಗಲೇ ಎನಾಮಲ್‌ಗೆ ಸೇರಿದ ಕಂದು ಕಲೆ ಅದು, ಸ್ಕೇಲಿಂಗ್‌ಗೆ ಹೋಗುವುದಿಲ್ಲ. ಮದುವೆ ಗೊತ್ತಾಗಿರುವ ಹುಡುಗಿಯನ್ನು ಕರೆದುಕೊಂಡು ಬರುವ ತಾಯಂದಿರಿಗೆ ಇದನ್ನು ಹೇಳುವುದು ಕಷ್ಟ. ಆದರೂ ದುಡ್ಡು ತಗೊಳ್ಳುವ ಮೊದಲೇ ಹೇಳಿ, ಬೇರೆ ಚಿಕಿತ್ಸೆಯ ಬಗ್ಗೆ ಮಾತಾಡಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಆ ಹುಡುಗಿ ಹಲ್ಲು ಉಜ್ಜಿಲ್ಲ ಅಂತ ಮನೆಯಲ್ಲಿ ಬೈದಿರುತ್ತಾರೆ, ಅವಳದೇನೂ ತಪ್ಪಿಲ್ಲ ಅಂತ ಎಲ್ಲರ ಎದುರಿಗೇ ಹೇಳುತ್ತೇನೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಬ್ರಷ್ ಕಲಿಸುವ ಹೊತ್ತು. "ರಕ್ತ ಬರುತ್ತೆ, ಅದಕ್ಕೇ ಆ ಕಡೆ ಉಜ್ಜಲ್ಲ" ಅನ್ನುತ್ತಾರೆ. ರಕ್ತ ಬರುವುದೇ ಅಲ್ಲಿ ಪಾಚಿ ಕೂತು ವಸಡು ಊದಿರುವುದರಿಂದ. ಬಿಟ್ಟರೆ ಇನ್ನೂ ಜಾಸ್ತಿಯಾಗುತ್ತದೆ. ಮೆತ್ತನೆ ಬ್ರಷ್ ಅನ್ನು ಹಲ್ಲು ಮತ್ತು ವಸಡು ಸೇರುವ ಗೆರೆಗೆ 45 ಡಿಗ್ರಿ ಓರೆ ಹಿಡಿದು, ಅಲ್ಲೇ ಸಣ್ಣಗೆ ಆಡಿಸಿ, ಹಲ್ಲಿನ ತುದಿ ಕಡೆಗೆ ಎಳೆಯಬೇಕು. ಬರೀ ಹೇಳಿದರೆ ಸಾಲದು, ನನ್ನೆದುರೇ ಮಾಡಿಸುತ್ತೇನೆ. ಒಬ್ಬ ಅಜ್ಜಿ ಇಷ್ಟು ವರ್ಷ ಬೆರಳಿನಲ್ಲಿ ಇದ್ದಿಲು ಪುಡಿ ಉಜ್ಜಿದವರು, ಕನ್ನಡಿ ಹಿಡಿದು ಬ್ರಷ್ ಆಡಿಸುತ್ತಾ "ಅವ್ವಾ, ಇಷ್ಟು ಮೆತ್ತಗೆ ಸಾಕೇನು?" ಅಂದರು. ಸಾಕು ಅಜ್ಜಿ, ಅಷ್ಟೇ ಸಾಕು.

ಬೀಡಿ ಸಿಗರೇಟು ಸೇದುವವರಲ್ಲಿ ವಸಡು ಹಾಳಾಗಿದ್ದರೂ ರಕ್ತ ಕಡಿಮೆ ಬರುತ್ತದೆ, ಆದ್ದರಿಂದ ಅವರು ತಡವಾಗಿ ಬರುತ್ತಾರೆ. ಗುಟ್ಕಾ, ಹೊಗೆಸೊಪ್ಪು ಹಾಕುವವರಿದ್ದರೆ ಕೆನ್ನೆಯ ಒಳಗೆ, ನಾಲಿಗೆ ಪಕ್ಕ ಬಿಳಿ ಮಚ್ಚೆ ಏನಾದರೂ ಇದೆಯಾ ನೋಡುತ್ತೇನೆ, ಬಾಯಿ ಪೂರ್ತಿ ತೆರೆಯುತ್ತಾ ಅಂತ ತಿಳಿಯಲು ಮೂರು ಬೆರಳು ನಿಲ್ಲಿಸಿ ಹಿಡಿಸುತ್ತಾ ನೋಡುತ್ತೇನೆ. ಹಿಡಿಸದಿದ್ದರೆ ಕ್ಲೀನಿಂಗ್ ಆಮೇಲೆ, ಮೊದಲು ಡಾಕ್ಟರ್.

ಆಳವಾದ ಪಾಕೆಟ್ (ಹಲ್ಲಿನಿಂದ ವಸಡು ಬಿಟ್ಟುಕೊಂಡ ಸಂದು) ಇರುವವರನ್ನು ಕೆಲವು ವಾರ ಬಿಟ್ಟು ಮತ್ತೆ ಕರೆಸಿ ಅದೇ ಜಾಗಗಳಲ್ಲಿ ಪ್ರೋಬ್ ಹಾಕುತ್ತೇನೆ. ಹಳೆಯ ಚೀಟಿ ಪಕ್ಕದಲ್ಲೇ ಇರುತ್ತದೆ. ಆರು ಇದ್ದದ್ದು ನಾಲ್ಕಕ್ಕೆ ಇಳಿದಿದ್ದರೆ, ಆ ನಂಬರನ್ನು ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತೇನೆ. ಇಳಿಯದೇ ಇದ್ದರೆ, ಮತ್ತೆ ಕನ್ನಡಿ ಕೊಟ್ಟು ಬ್ರಷ್ ಹಿಡಿಸುತ್ತೇನೆ, ಡಾಕ್ಟರನ್ನೂ ಕರೆಯುತ್ತೇನೆ.